ಪಕ್ಕದ ರಾಶಿಗೆ ಹೋದ ಕೈ

ಅವಳಿಗೆ ಮಿಂಚು ಎಂದು ಹೆಸರಿಟ್ಟವರು ಯಾರೆಂದು ಈಗ ಯಾರಿಗೂ ನೆನಪಿಲ್ಲ. ಮುಖ ನೋಡಿ ಇಟ್ಟ ಹೆಸರಂತೂ ಅಲ್ಲ. ಮುಖ ಎಲ್ಲರ ಮುಖದ ಹಾಗೆಯೇ ಇದೆ, ಬೆಳಿಗ್ಗೆ ಚಹಾ ಒಳಗೆ ಹೋಗುವ ತನಕ ಸ್ವಲ್ಪ ಗಂಟಿಕ್ಕಿಕೊಂಡೇ ಇರುತ್ತದೆ. ಹೆಸರು ಬಂದದ್ದು ಕೈಯಿಂದ. ರಟ್ಟಿನ ಪೆಟ್ಟಿಗೆ ಮಾಡುವ ಕಾರ್ಖಾನೆಯಲ್ಲಿ ಅವಳಿಗೆ ಕೆಲಸ. ಯಂತ್ರ ಕತ್ತರಿಸಿ, ಗೆರೆ ಒತ್ತಿ ಕಳಿಸಿದ ರಟ್ಟನ್ನು ಮಡಿಸಬೇಕು, ಅಂಚಿಗೆ ಅಂಟು ಸವರಬೇಕು, ಹಿಡಿಯುವ ತನಕ ಒತ್ತಬೇಕು, ಪೇರಿಸಬೇಕು. ಬೇರೆಯವರು ಅಂಟಿನ ಬ್ರಷ್ಷು ಎತ್ತುವಷ್ಟರಲ್ಲಿ ಇವಳು ಮುಂದಿನ ರಟ್ಟಿಗೆ ಕೈ ಹಾಕಿರುತ್ತಿದ್ದಳು. ಇಪ್ಪತ್ತು ವರ್ಷ ಇದನ್ನೇ ಮಾಡಿದ ಕೈಗೆ ಅವಳ ಅಪ್ಪಣೆಯೂ ಬೇಕಿರಲಿಲ್ಲ. ಅವಳು ಮನೆ ಸುದ್ದಿ ಹೇಳುತ್ತಿರಲಿ, ನಗುತ್ತಿರಲಿ, ಆಕಳಿಸುತ್ತಿರಲಿ, ಕೈ ತನ್ನ ಪಾಡಿಗೆ ತಾನು ಓಡುತ್ತಿತ್ತು.

ಒಂದು ಮೇಜಿಗೆ ಆರು ಜನ ಹೆಂಗಸರು. ಪ್ರತಿಯೊಬ್ಬರ ಪಕ್ಕದಲ್ಲೂ ಅವರವರ ರಟ್ಟಿನ ರಾಶಿ. ಮಿಂಚಿನ ಎಡಕ್ಕೆ ದೊಡ್ಡಮ್ಮ ನಿಲ್ಲುತ್ತಿದ್ದಳು. ಯಾರಿಗೂ ಸಂಬಂಧದಲ್ಲಿ ದೊಡ್ಡಮ್ಮ ಅಲ್ಲ, ವಯಸ್ಸಿನಲ್ಲಿ ಎಲ್ಲರಿಗೂ ದೊಡ್ಡಮ್ಮ. ಅವಳ ಆಚೆಗೆ ಗುಡುಗು ಎಂಬ ಹೆಂಗಸು. ಮೇಜಿನಲ್ಲಿ ಮಿಂಚು ಇದ್ದ ಮೇಲೆ ಗುಡುಗು ಇಲ್ಲದಿದ್ದರೆ ಹೇಗೆ ಎಂದು ಆ ಹೆಸರಿಟ್ಟರೋ, ಅಥವಾ ಅವಳು ಮೆಲ್ಲಗೆ ಮಾತಾಡಿದರೂ ಗೋದಾಮಿನವರಿಗೆ ಕೇಳಿಸುತ್ತಿತ್ತೆಂದು ಇಟ್ಟರೋ, ಅಂತೂ ಹೆಸರು ಸರಿಹೊಂದಿತ್ತು.

ಮಿಂಚು ಹೊಸದಾಗಿ ಸೇರಿದಾಗ ಅವಳ ಕೈ ಮಿಂಚಾಗಿರಲಿಲ್ಲ. ಅಂಟು ಮೈಮೇಲೆಲ್ಲ ಮೆತ್ತಿಕೊಂಡು, ರಟ್ಟಿನ ಅಂಚಿಗೆ ಬೆರಳು ಸೀಳಿಸಿಕೊಂಡು, ಬಚ್ಚಲಲ್ಲಿ ನಿಂತು ಅತ್ತವಳು. ಆದರೂ ಸಂಜೆಯಾಗುವಷ್ಟರಲ್ಲಿ ಅವಳ ರಾಶಿ ಹೇಗೋ ಕರಗಿರುತ್ತಿತ್ತು. ಪರವಾಗಿಲ್ಲ, ನಾನೂ ಚುರುಕೇ ಎಂದು ಒಳಗೊಳಗೇ ಬೀಗುತ್ತಿದ್ದಳು. ತನ್ನ ರಾಶಿಯಿಂದ ದೊಡ್ಡಮ್ಮನ ಕೈ ಸದ್ದಿಲ್ಲದೆ ರಟ್ಟು ಎಳೆದುಕೊಳ್ಳುತ್ತಿದ್ದದ್ದು ಅವಳ ಕಣ್ಣಿಗೆ ಬೀಳಲು ಎಷ್ಟೋ ದಿನ ಹಿಡಿಯಿತು. ಆಮೇಲೆ ವರ್ಷಗಳು ಉರುಳಿ, ದೊಡ್ಡಮ್ಮನ ಬೆರಳ ಗಂಟುಗಳು ಊದಿಕೊಂಡು ಕೈ ಸೋತಾಗ, ಎಳೆದುಕೊಳ್ಳುವ ಸರದಿ ಮಿಂಚಿನದಾಯಿತು. ಇದು ಯಾರೂ ಮಾಡಿದ ಒಪ್ಪಂದವಲ್ಲ, ಕೈಯಿಂದ ಕೈಗೆ ದಾಟಿದ ಚಟ.

ಇನ್ನು ಕಾಲ ಕೆಟ್ಟ ಕಥೆಗೆ ಬರೋಣ. ಸಂತೆ ಮುಗಿದ ಮೇಲೆ ಬಂದು ಮಳೆ ಬರಬಹುದು ಎನ್ನುವವರ ಹಾಗೆ, ಟಿವಿಯಲ್ಲಿ ಟೈ ಕಟ್ಟಿಕೊಂಡವರು ವ್ಯಾಪಾರ ಬಿದ್ದಿದೆ ಎಂದು ಮುಖ ಸಪ್ಪಗೆ ಮಾಡಿಕೊಂಡು ಹೇಳುವ ಹೊತ್ತಿಗೆ ಪೆಟ್ಟಿಗೆಯವರು ಅದನ್ನು ಹೇಳಿ ಹೇಳಿ ಹಳಸಲು ಮಾಡಿರುತ್ತಾರೆ. ಏನೇ ಮಾರಬೇಕಾದರೂ ಮೊದಲು ಪೆಟ್ಟಿಗೆ ಬೇಕಲ್ಲ. ಮಾರುವವನಿಗೆ ಎದೆ ಡವಗುಟ್ಟಿದ ಕೂಡಲೇ ಅವನು ಮೊದಲು ಕೈ ಬಿಗಿ ಮಾಡುವುದು ಪೆಟ್ಟಿಗೆಯ ಮೇಲೆ. ಆ ವರ್ಷ ಮೊದಲು ಹೋದದ್ದು ಬಣ್ಣ. ಹೂವು, ಬಳ್ಳಿ, ನಗುವ ಮಗುವಿನ ಚಿತ್ರ ಎಲ್ಲ ಇದ್ದ ಪೆಟ್ಟಿಗೆಗಳು ಒಂದೇ ಬಣ್ಣದ ಅಕ್ಷರಕ್ಕೆ ಇಳಿದವು. ಆಮೇಲೆ ರಟ್ಟು ತೆಳ್ಳಗಾಯಿತು, ಒತ್ತಿದರೆ ಸೊಟ್ಟಗಾಗುವಷ್ಟು. ಆಮೇಲೆ ಬಿಸ್ಕತ್ತಿನ ಪೆಟ್ಟಿಗೆ ಒಂದು ಬೆರಳು ಗಿಡ್ಡವಾಯಿತು. ಟಿವಿಯ ದೊಡ್ಡ ಪೆಟ್ಟಿಗೆಗಳಂತೂ ಬರುವುದೇ ನಿಂತವು.

"ಬಿಸ್ಕತ್ತಿಗೂ ವಯಸ್ಸಾಯ್ತು ನೋಡ್ರೇ, ಕುಗ್ತಾ ಇದೆ," ಎಂದಳು ಗುಡುಗು. ಎಲ್ಲರೂ ನಕ್ಕರು.

ಮಿಂಚಿನ ಮನೆಯಲ್ಲಿ ಮೂರೇ ಜನ, ಆದರೆ ಮೂವರಿಗೂ ಬೇರೆ ಬೇರೆ ದಾರಿಯಿಂದ ಸುದ್ದಿ ಬರುತ್ತಿತ್ತು. ಗಂಡ ಸರಕಿನ ಟೆಂಪೊ ಓಡಿಸುತ್ತಿದ್ದ. ಮೊದಲೆಲ್ಲ ಟೆಂಪೊ ಸ್ಟ್ಯಾಂಡಿನಲ್ಲಿ ಒಂದು ಲೋಟ ಚಹಾ ಕುಡಿಯಲು ಪುರಸೊತ್ತಿಲ್ಲ ಎನ್ನುತ್ತಿದ್ದವನು ಈಗ ಅಲ್ಲಿ ಕೂತು ಟೈರಿನ ಮಣ್ಣು ಕೆರೆದು, ಗಾಜು ಒರೆಸಿ, ಒರೆಸಿದ್ದನ್ನೇ ಮತ್ತೆ ಒರೆಸಿ ಬರುತ್ತಿದ್ದ. ಟೆಂಪೊ ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಅದು ಹೊಳೆದಷ್ಟೂ ಬಾಡಿಗೆ ಕಮ್ಮಿ ಎಂದು ಮಿಂಚಿಗೆ ಗೊತ್ತಿತ್ತು.

ಅತ್ತೆಯ ಕಥೆ ಉಲ್ಟಾ. ಕಿಟಕಿಯ ಪಕ್ಕ ಹೊಲಿಗೆ ಮೆಷೀನು ಇಟ್ಟುಕೊಂಡು ಹಳೆ ಬಟ್ಟೆ ಸರಿಮಾಡಿಕೊಡುವ ಅತ್ತೆಗೆ ಈಗ ಎಲ್ಲಿಲ್ಲದ ಬೇಡಿಕೆ. ಅಣ್ಣನ ಪ್ಯಾಂಟು ತಮ್ಮನಿಗಾಗಬೇಕು, ಸವೆದ ಕಾಲರು ಮಗುಚಿ ಹೊಲಿಯಬೇಕು, ಜಿಪ್ಪು ಬದಲಿಸಬೇಕು.

"ಹೊಸ ಬಟ್ಟೆ ತಗೊಳ್ಳೋರು ಯಾರೂ ಉಳಿದಿಲ್ಲ ಕಣೇ," ಎಂದು ಅತ್ತೆ ದಾರ ಕಚ್ಚಿ ಕತ್ತರಿಸುತ್ತ ಹೇಳಿದಳು. "ಕಾರಲ್ಲಿ ಬರ್ತಿದ್ದ ಆಯಮ್ಮನೂ ಗಂಡನ ಕೋಟು ತಂದಿದ್ಲು. ಒಳಗಿನ ಅಸ್ತರ್ ಹರಿದಿತ್ತು. ಯಾರಿಗೂ ಹೇಳ್ಬೇಡಿ ಅಂದ್ಲು. ನಾನ್ಯಾಕೆ ಹೇಳ್ಲಿ."

"ಈಗ ಹೇಳಿದ್ರಲ್ಲ ಅತ್ತೆ," ಎಂದಳು ಮಿಂಚು.

"ನೀನೇನು ಹೊರಗಿನವಳಾ," ಎಂದಳು ಅತ್ತೆ.

ಇದರ ನಡುವೆ ಒಂದು ದಿನ ಕಾರ್ಖಾನೆಗೆ ದೊಡ್ಡ ಆರ್ಡರು ಬಂತು. ರಾಶಿ ರಾಶಿ ರಟ್ಟು ಬಂದು ಮೇಜಿನ ಪಕ್ಕ ಬಿತ್ತು. ದಪ್ಪ ರಟ್ಟು, ದೊಡ್ಡ ಅಳತೆ. ಹೆಂಗಸರಿಗೆ ಹೋದ ಜೀವ ಬಂದ ಹಾಗಾಯಿತು. ಗುಡುಗು ಸೂಪರ್‌ವೈಸರನ್ನು ಚಹಾ ಕೊಡಿಸಿ ಎಂದು ಪೀಡಿಸಿದಳು, ಅವನೂ ಕೊಡಿಸಿದ. ಮಿಂಚಿಗೆ ಮಾತ್ರ ಒಂದು ವಿಷಯ ಕಣ್ಣಿಗೆ ಚುಚ್ಚಿತು. ಪೆಟ್ಟಿಗೆಗಳ ಮೇಲೆ ಒಂದಕ್ಷರವೂ ಇರಲಿಲ್ಲ. ಬರೀ ಕಂದು ಬಣ್ಣ. ಮಾರುವ ವಸ್ತುವಿಗೆ ಹೆಸರಿಲ್ಲದೆ ಇರುತ್ತದೆಯೇ?

ಉತ್ತರ ಗಂಡನ ಟೆಂಪೊದಲ್ಲಿ ಬಂತು. ಆ ಪೆಟ್ಟಿಗೆಗಳನ್ನು ತಲುಪಿಸುವ ಬಾಡಿಗೆ ಅವನಿಗೇ ಸಿಕ್ಕಿತ್ತು. ಬಾಡಿಗೆ ಸಿಕ್ಕಿದ ದಿನ ಸೀಟಿ ಹೊಡೆಯುತ್ತ ಬರುವವನು ಅಂದು ಬಂದು ಸುಮ್ಮನೆ ಕೈಕಾಲು ತೊಳೆದುಕೊಂಡ.

"ಆ ಪೆಟ್ಟಿಗೆ ಎಲ್ಲಿಗೆ ಹೋಯ್ತು ಗೊತ್ತಾ?" ಎಂದ. "ಚಪ್ಪಲಿ ಫ್ಯಾಕ್ಟರಿಗೆ. ಚಪ್ಪಲಿ ತುಂಬಕ್ಕಲ್ಲ. ಅವ್ರು ಬಾಗ್ಲು ಹಾಕ್ತಿದಾರೆ. ಕುರ್ಚಿ, ಫ್ಯಾನು, ಮೆಷೀನಿನ ಬಿಡಿಭಾಗ ಎಲ್ಲ ತುಂಬಿ ಸಾಗಿಸ್ತಿದ್ರು. ಇನ್ನೊಂದು ಲೋಡು ಎರಡು ಬೀದಿ ಆಚೆ ಒಂದು ಆಫೀಸಿಗೆ. ಅಲ್ಲೂ ಅದೇ."

ಮಿಂಚು ತಟ್ಟೆ ಹಿಡಿದವಳು ಹಾಗೇ ನಿಂತಳು. ಊರೆಲ್ಲ ಗಂಟುಮೂಟೆ ಕಟ್ಟುವುದಕ್ಕೆ ಪೆಟ್ಟಿಗೆ ಮಡಿಸಿಕೊಟ್ಟು ತಾವು ಚಹಾ ಕುಡಿದಿದ್ದು ನೆನೆದು ಅವಳಿಗೆ ನಾಚಿಕೆಯಾಯಿತು. ಚಪ್ಪಲಿ ಫ್ಯಾಕ್ಟರಿಯ ಪೆಟ್ಟಿಗೆಗಳು ಇವರ ಮೇಜಿನ ಮಾಮೂಲಿ ಅನ್ನ. ಅದೇ ಹೋದ ಮೇಲೆ ಮೇಜಿಗೇನು ಉಳಿಯಿತು?

ಅವಳು ಹೆದರಿದ ಹಾಗೆಯೇ ಆಯಿತು. ಮುಖ್ಯ ಕಚೇರಿಯಿಂದ ಒಬ್ಬ ಸಾಹೇಬರು ಬರುತ್ತಾರಂತೆ, ಪ್ರತಿ ಮೇಜಿನ ಪಕ್ಕ ನಿಂತು ಕೆಲಸ ನೋಡುತ್ತಾರಂತೆ, ಆರು ಜನ ಮಾಡುವುದನ್ನು ಐದು ಜನ ಮಾಡಬಹುದಾದರೆ ಒಬ್ಬರನ್ನು ಮನೆಗೆ ಕಳಿಸುತ್ತಾರಂತೆ ಎಂದು ಸೂಪರ್‌ವೈಸರು ಅಡ್ಡಗೋಡೆಯ ಮೇಲೆ ದೀಪವಿಟ್ಟ ಹಾಗೆ ಹೇಳಿ ಹೋದ. ಕಳಿಸುವುದಾದರೆ ಯಾರನ್ನು ಎಂದು ಯಾರೂ ಕೇಳಲಿಲ್ಲ. ಎಲ್ಲರಿಗಿಂತ ನಿಧಾನ ಯಾರೆಂಬುದು ಗೋಡೆಗೂ ಗೊತ್ತಿತ್ತು. ದೊಡ್ಡಮ್ಮನಿಗೆ ಆ ವರ್ಷ ತುಂಬಿದರೆ ಪಿಂಚಣಿ. ತುಂಬುವ ಮೊದಲೇ ಹೊರಬಿದ್ದರೆ ಬರಿಗೈ. ಮನೆಯಲ್ಲಿ ಅವಳೊಬ್ಬಳೇ, ಜೊತೆಗೆ ವಟಗುಟ್ಟುವ ಒಂದು ರೇಡಿಯೊ.

ಊಟದ ಹೊತ್ತಿನಲ್ಲಿ ಡಬ್ಬಿಗಳ ಮೇಲೆ ಬಗ್ಗಿ, ದೊಡ್ಡಮ್ಮನನ್ನು ಬಿಟ್ಟು ಉಳಿದ ಐವರೂ ಒಂದು ಮಾತು ಮಾಡಿಕೊಂಡರು. ಸಾಹೇಬರು ಬಂದ ದಿನ ಎಲ್ಲರೂ ದೊಡ್ಡಮ್ಮನಷ್ಟೇ ನಿಧಾನ. ಯಾರ ರಾಶಿಯೂ ಯಾರಿಗಿಂತ ಮೊದಲು ಕರಗಬಾರದು. ಸಂಜೆ ಗಂಟೆ ಹೊಡೆಯುವ ತನಕ ಕೆಲಸ ಎಳೆಯಬೇಕು.

"ನಮ್ಮದೇನೋ ಆಗುತ್ತೆ," ಎಂದು ಗುಡುಗು ತನ್ನ ಲೆಕ್ಕದಲ್ಲಿ ಪಿಸುಗುಟ್ಟಿದಳು. ಗೋದಾಮಿನವನು ತಿರುಗಿ ನೋಡಿದ. "ಈ ಮಿಂಚಕ್ಕನ ಕೈ ಕಟ್ಟಿಹಾಕೋದು ಹೇಗೆ?"

"ನಾನು ಕಲೀತೀನಿ," ಎಂದಳು ಮಿಂಚು.

ಕಲಿಯಲು ಹೊರಟಳು ಕೂಡ. ಮನೆಯಲ್ಲಿ ಒಗೆದ ಬಟ್ಟೆಯ ಗುಡ್ಡೆ ಮುಂದಿಟ್ಟುಕೊಂಡು, ಒಂದೊಂದನ್ನೂ ಮೆಲ್ಲಗೆ, ತೂಕಡಿಸುವವಳ ಹಾಗೆ ಮಡಿಸತೊಡಗಿದಳು. ಎರಡು ಟವೆಲ್ಲಿನ ತನಕ ಕೈ ಹೇಳಿದ ಮಾತು ಕೇಳಿತು. ಮೂರನೆಯದಕ್ಕೆ ಅತ್ತೆ ಏನೋ ಕೇಳಿದಳು, ಇವಳು ಉತ್ತರ ಕೊಟ್ಟಳು, ತಿರುಗಿ ನೋಡಿದರೆ ಗುಡ್ಡೆ ಖಾಲಿ.

"ಬಿಚ್ಚಿ ಕೊಡಿ ಅತ್ತೆ, ಇನ್ನೊಂದ್ಸಲ," ಎಂದಳು.

ಅತ್ತೆ ಮಡಿಸಿದ್ದನ್ನೆಲ್ಲ ಮತ್ತೆ ಕೊಡವಿ ಹಾಕಿದಳು. "ಜನ ಚುರುಕಾಗಕ್ಕೆ ಒದ್ದಾಡ್ತಾರೆ. ನನ್ನ ಸೊಸೆ ಆಮೆ ಆಗಕ್ಕೆ ಒದ್ದಾಡ್ತಾಳೆ. ಕಾಲ ಕೆಟ್ಟಿದೆ ಅನ್ನೋದಕ್ಕೆ ಇನ್ನೇನು ಸಾಕ್ಷಿ ಬೇಕು," ಎಂದಳು. ಗಂಡ ನಗು ತಡೆಯಲಾರದೆ ಟೆಂಪೊ ಒರೆಸಲು ಹೊರಗೆ ಹೋದ.

ಸಾಹೇಬರು ಬಂದರು. ಕೆಟ್ಟ ಮನುಷ್ಯನೇನಲ್ಲ. ಬಂದವರೇ ಎಲ್ಲರಿಗೂ ನಮಸ್ಕಾರ ಹೇಳಿದರು, ಅಂಟಿನ ವಾಸನೆಗೆ ಸೀನಿದರು, ಕ್ಷಮಿಸಿ ಎಂದರು. ಅವರವರ ರಾಶಿ ಅವರವರ ಪಕ್ಕ ಸಮನಾಗಿ ಹಾಕಿಸಿ, ಸ್ವಲ್ಪ ದೂರದಲ್ಲಿ ಕುರ್ಚಿ ಹಾಕಿಕೊಂಡು ಕೂತರು. ಕೆಲಸ ಶುರುವಾಯಿತು. ಆ ಮೇಜು ಅಷ್ಟು ನಿಧಾನವಾಗಿ ಎಂದೂ ನಡೆದಿರಲಿಲ್ಲ. ಗುಡುಗು ಒಂದೊಂದು ರಟ್ಟನ್ನೂ ಎಳೆಗೂಸಿನ ಹಾಗೆ ಎತ್ತಿ ಮಲಗಿಸುತ್ತಿದ್ದಳು. ಮಿಂಚು ಹಲ್ಲು ಕಚ್ಚಿ, ಕೈಯಲ್ಲೇ ಕಣ್ಣಿಟ್ಟು, ಮಡಿಕೆ ಮಡಿಕೆಗೂ ತಡೆದು ತಡೆದು ನಡೆಸಿದಳು. ಮಧ್ಯಾಹ್ನದ ತನಕ ಎಲ್ಲ ಸರಿಯಾಗಿಯೇ ಇತ್ತು.

ಊಟವಾದ ಮೇಲೆ ಸಾಹೇಬರು ಎದ್ದು ಬಂದು ಮಿಂಚಿನ ಎದುರು ನಿಂತು ಮಾತಿಗೆಳೆದರು. ಎಷ್ಟು ವರ್ಷದಿಂದ ಇದ್ದೀರಿ, ಮನೆಯಲ್ಲಿ ಯಾರ್ಯಾರಿದ್ದಾರೆ ಎಂದು ಸುಮ್ಮನೆ ಕೇಳಿದರು. ಮೇಲಿನವರು ಕೇಳಿದರೆ ತಲೆ ಎತ್ತಿ ಉತ್ತರ ಕೊಡಬೇಕಲ್ಲ. ಅವಳು ತಲೆ ಎತ್ತಿದಳು. ಅತ್ತೆಯ ಹೊಲಿಗೆಯ ವಿಷಯ ಹೇಳಿದಳು, ಗಂಡನ ಟೆಂಪೊ ವಿಷಯ ಹೇಳಿದಳು. ಅದೇ ಹೊತ್ತಿಗೆ ಪಕ್ಕದಲ್ಲಿ ದೊಡ್ಡಮ್ಮನ ಬೆರಳು ರಟ್ಟಿನ ಅಂಚಿಗೆ ಸಿಕ್ಕಿ ಸೀಳಿತು. ದೊಡ್ಡಮ್ಮ ಬೆರಳು ಬಾಯಿಗಿಟ್ಟುಕೊಂಡು, ಬಟ್ಟೆ ಸುತ್ತಿಕೊಳ್ಳುತ್ತ ನಿಂತಳು.

ಮಿಂಚು ಮಾತು ಮುಗಿಸಿ ನೋಡಿದಾಗ ಸಾಹೇಬರ ಕಣ್ಣು ತನ್ನ ಮುಖದ ಮೇಲಿರಲಿಲ್ಲ. ತನ್ನ ಎಡಗೈ ದೊಡ್ಡಮ್ಮನ ರಾಶಿಯ ಮೇಲಿತ್ತು. ತನ್ನ ರಾಶಿ ಮುಗಿದಿತ್ತು. ದೊಡ್ಡಮ್ಮನದು ಅರ್ಧಕ್ಕಿಂತ ಕೆಳಗಿಳಿದಿತ್ತು.

"ಇದು ನಿಮ್ಮ ರಾಶಿಯಾ?" ಎಂದು ಸಾಹೇಬರು ಮೆತ್ತಗೆ ಕೇಳಿದರು.

ಅವಳು ಕೈ ಹಿಂದಕ್ಕೆ ಎಳೆದುಕೊಂಡಳು. ಮೇಜಿನ ಸುತ್ತ ಒಂದು ಬ್ರಷ್ಷೂ ಅಲ್ಲಾಡಲಿಲ್ಲ.

ಸಂಜೆ ಸೂಪರ್‌ವೈಸರು ಬಂದು, ಸೋಮವಾರದಿಂದ ದೊಡ್ಡಮ್ಮ ಬರುವುದು ಬೇಡವಂತೆ ಎಂದು ತನ್ನ ಬೂಟಿಗೆ ಹೇಳುವವನ ಹಾಗೆ ಹೇಳಿದ. ದೊಡ್ಡಮ್ಮ ನಲ್ಲಿಯ ಕೆಳಗೆ ಕೈಯೊಡ್ಡಿ ಅಂಟು ತೊಳೆದುಕೊಳ್ಳುತ್ತಲೇ ಇದ್ದಳು. ಮಿಂಚು ಪಕ್ಕ ಹೋಗಿ ನಿಂತಳು.

"ಈ ಅಂಟು ನೋಡು, ಎಷ್ಟು ಉಜ್ಜಿದ್ರೂ ಹೋಗಲ್ಲ," ಎಂದಳು ದೊಡ್ಡಮ್ಮ. ಅಷ್ಟೇ ಹೇಳಿ ಚೀಲ ಎತ್ತಿಕೊಂಡು ಹೋದಳು. ಬೈದಿದ್ದರೆ ಮಿಂಚಿಗೆ ಎಷ್ಟೋ ಹಗುರವಾಗುತ್ತಿತ್ತು.

ಮನೆಗೆ ಬಂದು ಅವಳು ಅತ್ತೆಯ ಮುಂದೆ ಕೂತು ಅತ್ತಳು. ಅತ್ತೆ ಕೈಯಲ್ಲಿದ್ದ ಅಂಗಿಯನ್ನು ಬಿಡದೆ, ಅಳು ಒಂದು ಹದಕ್ಕೆ ಬರುವ ತನಕ ಹೊಲಿಗೆ ಬಿಚ್ಚುತ್ತ ಕೂತಿದ್ದಳು.

"ನನ್ನ ಕೈ ಕತ್ತರಿಸಿ ಹಾಕ್ಬೇಕು ಅತ್ತೆ."

"ಹಾಕು. ನಾಳೆ ಪಾತ್ರೆ ಯಾರು ತೊಳೀತಾರೆ?" ಎಂದಳು ಅತ್ತೆ. ಆಮೇಲೆ ಅಂಗಿಯನ್ನು ಎತ್ತಿ ಹಿಡಿದಳು. "ಇಲ್ನೋಡು. ಇದು ದಪ್ಪಗಿದ್ದ ಅಣ್ಣಂದು, ಸಣ್ಣಗಿರೋ ತಮ್ಮನಿಗಾಗ್ಬೇಕು. ಅಂತ ಒಂದು ತೋಳು ಕಿತ್ತು ಬಿಸಾಕ್ತೀನಾ? ಎಲ್ಲಾ ಕಡೆಯಿಂದ ಒಂದೊಂದು ಬೆರಳು ಒಳಗೆ ಹಿಡೀತೀನಿ. ನಿಮ್ಮ ಸಾಹೇಬ್ರಿಗೆ ಹೊಲಿಗೆ ಗೊತ್ತಿಲ್ಲ ಅಂತ ಕಾಣುತ್ತೆ."

ಮಿಂಚು ಮೂಗು ಒರೆಸಿಕೊಂಡು ಅಂಗಿಯನ್ನೇ ನೋಡಿದಳು.

ಮರುದಿನ ದೊಡ್ಡಮ್ಮ ಬರುವ ಮೊದಲೇ ಅವಳು ಉಳಿದ ನಾಲ್ವರನ್ನು ಗೋಡೆಯ ಪಕ್ಕ ನಿಲ್ಲಿಸಿಕೊಂಡಳು. ದಿನಕ್ಕೆ ಐದೇ ಜನರಿಗೆ ಕೆಲಸವಿರಲಿ, ಆದರೆ ಆರು ಜನವೂ ಉಳಿಯಲಿ, ಸರದಿಯ ಮೇಲೆ ದಿನಕ್ಕೊಬ್ಬರು ಆ ದಿನದ ಕೂಲಿ ಬಿಟ್ಟು ಮನೆಯಲ್ಲಿರಲಿ ಎಂದಳು. ಗುಡುಗಿಗೆ ಮೂರು ಮಕ್ಕಳು. ಅವಳ ಮುಖ ಕೆಂಪಾಯಿತು.

"ನಿನ್ನ ಕೈ ಮಾಡಿದ ತಪ್ಪಿಗೆ ನನ್ನ ಮಕ್ಕಳ ಹೊಟ್ಟೆ ಕಟ್ಟಬೇಕಾ?"

"ಮಾಡಿದ್ದು ನಾನೇ," ಎಂದಳು ಮಿಂಚು. "ಮೊದಲ ಸರದಿ ನಂದು. ನಿನಗೆ ತೀರಾ ಕಷ್ಟ ಆದ ವಾರ ನಿನ್ನ ಸರದೀನೂ ನಾನೇ ತಗೋತೀನಿ."

ಗುಡುಗು ಏನೋ ಹೇಳಲು ಬಾಯಿ ತೆರೆದಳು. ಬಾಗಿಲಲ್ಲಿ ದೊಡ್ಡಮ್ಮ ಬರುತ್ತಿದ್ದಳು, ಬೆರಳಿಗೆ ಬಟ್ಟೆ ಸುತ್ತಿಕೊಂಡು, ಎಂದಿನ ಹಾಗೆ ಕೆಲಸಕ್ಕೆ ಮೊದಲು ಅಂಟಿನ ಡಬ್ಬ ಕಲಕಲು. ಗುಡುಗು ಬಾಯಿ ಮುಚ್ಚಿಕೊಂಡಳು. ಅವಳ ಜೀವಮಾನದಲ್ಲಿ ಅದು ಅಪರೂಪ.

ಸೂಪರ್‌ವೈಸರು ಹೋಗಿ ಸಾಹೇಬರನ್ನು ಕೇಳಿಕೊಂಡು ಬಂದ. ಸಾಹೇಬರು ಒಂದು ಷರತ್ತಿನ ಮೇಲೆ ಒಪ್ಪಿದ್ದರು. ಯಾರೇ ರಜೆಯಲ್ಲಿರಲಿ, ಐದು ಜನ ಸೇರಿ ದಿನದ ರಾಶಿ ಮುಗಿಸಲೇಬೇಕು. ಮಿಂಚು ಇಲ್ಲದ ದಿನವೂ. ಒಂದು ದಿನ ಉಳಿದರೂ ದೊಡ್ಡಮ್ಮ ಹೊರಗೆ.

ಸೋಮವಾರ ಮಿಂಚಿನ ಸರದಿ. ಮೇಜಿನ ಅತಿ ಚುರುಕಾದ ಕೈ ಮನೆಯಲ್ಲಿ, ಅತಿ ನಿಧಾನದ ಕೈ ಮೇಜಿನಲ್ಲಿ. ಅವಳು ಪಾತ್ರೆ ತೊಳೆದಳು, ತೊಳೆದದ್ದನ್ನೇ ತೊಳೆದಳು. ಅತ್ತೆಯ ಬಟ್ಟೆಗಳ ಹೊಲಿಗೆ ಬಿಚ್ಚಿಕೊಟ್ಟಳು, ಬಿಚ್ಚಬಾರದ್ದನ್ನೂ ಬಿಚ್ಚಿ ಬೈಸಿಕೊಂಡಳು. ಈಗ ಊಟದ ಹೊತ್ತು, ಈಗ ಎರಡನೆಯ ರಾಶಿ ಹಾಕಿರುತ್ತಾರೆ, ಈಗ ದೊಡ್ಡಮ್ಮನ ಸೊಂಟ ಹಿಡಿಯುವ ಹೊತ್ತು ಎಂದು ಕೂತಲ್ಲೇ ಕಾರ್ಖಾನೆಯನ್ನು ನೋಡುತ್ತಿದ್ದಳು. ಇಪ್ಪತ್ತು ವರ್ಷದಲ್ಲಿ ತನ್ನ ಕೈ ಇಷ್ಟು ಬೇಡವಾಗಿ ಮಡಿಲಲ್ಲಿ ಬಿದ್ದುಕೊಂಡದ್ದು ಅದೇ ಮೊದಲು.

ಸಂಜೆ ಗುಡುಗಿನ ದನಿ ಬೀದಿಯ ತಿರುವಿನಲ್ಲೇ ಕೇಳಿಸಿತು. ಜೊತೆಗೆ ದೊಡ್ಡಮ್ಮ. ಇಬ್ಬರ ಕೈಯಲ್ಲೂ ಒಣಗಿದ ಅಂಟು. ಮಿಂಚು ಬಾಗಿಲಿಗೆ ಓಡಿದಳು.

"ಮುಗೀತು," ಎಂದಳು ಗುಡುಗು. "ಗಂಟೆ ಹೊಡೆಯೋ ಹೊತ್ತಿಗೆ ಕೊನೇ ರಟ್ಟು. ಚಹಾಕ್ಕೂ ಯಾರೂ ಕೂತಿಲ್ಲ."

"ಹೇಗೆ?"

ಗುಡುಗು ಕುರ್ಚಿಯ ಮೇಲೆ ಕೂತು, ಅತ್ತೆ ಕೊಟ್ಟ ನೀರು ಕುಡಿದು, ದನಿ ತಗ್ಗಿಸಿದಳು. ಈ ಸಲ ನಿಜವಾಗಿಯೂ ತಗ್ಗಿತು. "ಮಧ್ಯಾಹ್ನ ಆದ್ಮೇಲೆ ನನಗೆ ಬೆನ್ನು ಹಿಡ್ಕೊಂಬಿಡ್ತು ಮಿಂಚಕ್ಕ. ಮುಗೀತು ಕಥೆ, ನನ್ನಿಂದಲೇ ಹೋಯ್ತು ಅಂದ್ಕೊಂಡೆ. ನೋಡ್ತೀನಿ, ನನ್ನ ರಾಶಿ ತಾನಾಗೇ ಇಳೀತಿದೆ. ಈಯಮ್ಮ. ಕುಯ್ದ ಬೆರಳಲ್ಲಿ. ತನ್ನ ರಾಶಿನೇ ಇನ್ನೂ ಅಷ್ಟಿತ್ತು, ನಂದಕ್ಕೆ ಕೈ ಹಾಕ್ತಿದ್ಲು. ಅದನ್ನ ನೋಡಿದ್ಮೇಲೆ ಬೆನ್ನು ನೋವು ಅಂತ ನಿಲ್ಲೋಕಾಗುತ್ತಾ?"

"ಹಳೇ ಚಟ ಕಣೇ, ಬಿಡಲ್ಲ," ಎಂದಳು ದೊಡ್ಡಮ್ಮ. ಮಿಂಚಿನ ಕಡೆ ತಿರುಗಿದಳು. "ನಿನಗೆ ಹಚ್ಚಿದ್ದೂ ನಾನೇ ಅಲ್ವಾ. ಆವತ್ತು ನಿನ್ನ ಕೈಗೆ ಹೇಗೆ ಬೈಯಲಿ?"

ಮಿಂಚು ಆ ಊದಿದ ಗಂಟುಗಳ ಕೈಯನ್ನು ಹಿಡಿದುಕೊಂಡಳು. ಅಳುವುದಿಲ್ಲ ಎಂದು ಎಷ್ಟು ಗಟ್ಟಿ ಮಾಡಿಕೊಂಡಿದ್ದರೂ ಆಗಲಿಲ್ಲ.

ಕಾಲವೇನೂ ಆ ವರ್ಷ ಸುಧಾರಿಸಲಿಲ್ಲ. ಬಿಸ್ಕತ್ತು ಮತ್ತಷ್ಟು ಗಿಡ್ಡವಾಯಿತು, ಟೆಂಪೊ ಮತ್ತಷ್ಟು ಹೊಳೆಯಿತು. ಪಕ್ಕದ ಎರಡು ಮೇಜುಗಳು ಸರದಿಯ ದಾರಿ ಹಿಡಿದವು, ಒಂದು ಮೇಜಿನವರು ಜಗಳವಾಡಿ ಬಿಟ್ಟುಬಿಟ್ಟರು. ಗುಡುಗಿನ ಸರದಿಯನ್ನು ಮಿಂಚು ಎರಡು ಸಲ ತಾನೇ ತೆಗೆದುಕೊಂಡಳು. ಮೂರನೆಯ ಸಲ ಗುಡುಗು ಬಿಡಲಿಲ್ಲ. ಹೇಗೋ ತೇಪೆ ಹಾಕಿಕೊಂಡು ವರ್ಷ ತುಂಬಿತು, ದೊಡ್ಡಮ್ಮನ ಪಿಂಚಣಿಯೂ ಆಯಿತು. ಕೊನೆಯ ದಿನ ಅವಳು ಅಂಟಿನ ಡಬ್ಬ ಕಲಕಿಟ್ಟು, ಬ್ರಷ್ಷು ತೊಳೆದಿಟ್ಟು, ಮನೆಗೆ ಹೋದಳು.

ಮರುದಿನ ಬೆಳಿಗ್ಗೆ ಮೇಜಿನಲ್ಲಿ ಐವರೇ. ಮಿಂಚು ಯಾವುದೋ ಮಾತಿನಲ್ಲಿದ್ದಳು. ಕೈ ತನ್ನ ಪಾಡಿಗೆ ತಾನು ಓಡುತ್ತಿತ್ತು. ಅವಳ ಎಡಗೈ ಪಕ್ಕಕ್ಕೆ ಚಾಚಿ, ಬರೀ ಮೇಜಿನ ಮೇಲೆ ಬಿತ್ತು. ಅವಳ ಮಾತು ಅಲ್ಲೇ ನಿಂತಿತು. ಖಾಲಿ ಜಾಗದ ಆಚೆ ಗುಡುಗು ಅದನ್ನು ನೋಡಿದಳು. ತನ್ನ ರಾಶಿಯನ್ನು ಎರಡೂ ಕೈಯಲ್ಲಿ ಎತ್ತಿ ತಂದು, ಮಿಂಚಿನ ಕೈಗೆ ಸಿಗುವ ಹಾಗೆ ಇಟ್ಟು, ಪಕ್ಕದಲ್ಲಿ ನಿಂತು ಬ್ರಷ್ಷು ಎತ್ತಿಕೊಂಡಳು.